ಜ್ಞಾನಸ್ನಾನ ಆಗದ ಮಗು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕರಾವಳಿಯ ಕ್ಯಾಥೋಲಿಕ್ ಮನೆಯ ಸೊಸೆ. ಏಳನೇ ತಿಂಗಳಿಗೇ ಹೆರಿಗೆಯಾಗಿ, ಮಗು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಎರಡನೇ ದಿನ ತೀರಿಹೋಗಿತ್ತು. ಗಂಡ, ಮೈದುನ ಸೇರಿ ಹೂತು ಬಂದರು. ಪ್ರಾರ್ಥನೆ ಇಲ್ಲ, ಹೆಸರಿಲ್ಲ. ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ, ಹಾಲು ಬತ್ತಲಿ ಅಂತ ಆಕೆಯ ಎದೆಗೆ ಮಲ್ಲಿಗೆ ಕಟ್ಟಿದ್ದರು. ಆ ವಾಸನೆಗೇ ಹೊಟ್ಟೆ ತೊಳಸುತ್ತೆ ಅಂದಳು. ತೆಗೆದುಬಿಡಿ, ಅದಕ್ಕೆ ಡಾಕ್ಟರು ಮಾತ್ರೆ ಕೊಡ್ತಾರೆ ಅಂದೆ.

ಸಾವಿನ ಸುದ್ದಿಯನ್ನು ಕಣ್ಣೀರಿಲ್ಲದೆ ಹೇಳಿ ಮುಗಿಸಿದಳು. ಅಳು ಬಂದದ್ದು ಆಮೇಲೆ. "ನರ್ಸ್ ಆದ್ರೂ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದಿತ್ತಂತೆ ಮೇಡಂ. ನನಗೆ ಹೊಳೀಲೇ ಇಲ್ಲ."

ನಿಜ. ಜ್ಞಾನಸ್ನಾನ ಅಂದರೆ ಕ್ರೈಸ್ತ ಧರ್ಮಸಭೆಗೆ ಸೇರಿಸಿಕೊಳ್ಳುವ ವಿಧಿ; ಜೀವಕ್ಕೆ ಅಪಾಯ ಇದ್ದಾಗ ಅದನ್ನು ಯಾರು ಬೇಕಾದರೂ ಕೊಡಬಹುದು. ಈ ವಿಷಯ ಆಕೆಗೆ ಅತ್ತೆ ಹೇಳಿದ್ದು ಮಗು ಹೋದಮೇಲೆ. ಅಂಥ ಮಕ್ಕಳು ಸ್ವರ್ಗಕ್ಕೆ ಹೋಗಲ್ಲ, ಸ್ವರ್ಗವೂ ಅಲ್ಲದ ನರಕವೂ ಅಲ್ಲದ ಲಿಂಬೊದಲ್ಲಿ ಇರುತ್ತವೆ ಅಂತಲೂ ಸೇರಿಸಿದ್ದರು. ಅತ್ತೆ ಕೆಟ್ಟವರೇನಲ್ಲ, ಚಿಕ್ಕಂದಿನಲ್ಲಿ ಅವರು ಕಲಿತದ್ದೇ ಹಾಗೆ.

"ಮಗು ಎಲ್ಲಿದೆಯೋ ನಾನೂ ಅಲ್ಲಿಗೇ ಹೋಗಬೇಕು ಅನ್ಸುತ್ತೆ."

ಈ ಮಾತು ಬಂದ ಕೂಡಲೇ ಧರ್ಮದ ವಿಷಯ ಬದಿಗಿಟ್ಟೆ. ಸಾಯಬೇಕು ಅನ್ನಿಸುತ್ತಾ, ಹೇಗೆ ಅಂತ ಯೋಚಿಸಿದ್ದೀರಾ ಎಂದು ನೇರವಾಗಿಯೇ ಕೇಳಿದೆ. ಅಷ್ಟು ದೂರ ಹೋಗಿರಲಿಲ್ಲ. ಆದರೂ ಗಂಡನನ್ನು ಒಳಗೆ ಕರೆದು, ಒಬ್ಬಳನ್ನೇ ಬಿಡಬೇಡಿ, ನಾಳೆಯೇ ಮನೋವೈದ್ಯರಿಗೆ ತೋರಿಸಿ ಅಂದೆ. ಮಗು ಕಳೆದುಕೊಂಡವಳೂ ಬಾಣಂತಿಯೇ. ಖಿನ್ನತೆ ಅವಳಿಗೂ ಬರುತ್ತದೆ. ಮನೆಯವರು ಇದನ್ನು ಮರೆತೇಬಿಡುತ್ತಾರೆ.

ಇನ್ನು ಆಕೆಯ ಪ್ರಶ್ನೆ. ದೇವರು ದೊಡ್ಡವನು ಅಂತ ಸುಮ್ನೆ ಸಮಾಧಾನ ಹೇಳಬಹುದಿತ್ತು. ಆಕೆ ನಂಬುತ್ತಿರಲಿಲ್ಲ. ನಂಬಿಕೆಯಿಂದ ಹುಟ್ಟಿದ ಭಯಕ್ಕೆ ಆ ನಂಬಿಕೆಯೊಳಗಿಂದಲೇ ಉತ್ತರ ಬರಬೇಕು ಅಲ್ವಾ? ಲಿಂಬೊದ ಬಗ್ಗೆ ಪಂಡಿತರು ಶತಮಾನಗಳ ಕಾಲ ಬರೆದರು. ಆದರೆ ಅದನ್ನು ನಂಬಲೇಬೇಕು ಎಂದು ಕ್ಯಾಥೋಲಿಕ್ ಧರ್ಮಸಭೆ ಯಾವತ್ತೂ ಘೋಷಿಸಲಿಲ್ಲ. 1992ರ ಕ್ಯಾಟೆಕಿಸಂ, ಅಂದರೆ ಧರ್ಮಸಭೆಯ ಅಧಿಕೃತ ಬೋಧನೆಯ ಗ್ರಂಥ, ಇಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ಎಲ್ಲರೂ ರಕ್ಷಣೆ ಹೊಂದಲಿ ಎಂಬುದು ದೇವರ ಇಚ್ಛೆ ಎಂದು ಅಲ್ಲೇ ನೆನಪಿಸುತ್ತದೆ. 2007ರಲ್ಲಿ ವ್ಯಾಟಿಕನ್ನಿನ ದೇವತಾಶಾಸ್ತ್ರ ಆಯೋಗ, ಈ ಮಕ್ಕಳೂ ರಕ್ಷಣೆ ಹೊಂದುತ್ತಾರೆ ಎಂಬ ಭರವಸೆ ಇಡಲು ಗಟ್ಟಿ ಕಾರಣಗಳಿವೆ ಅಂದಿತು. ಖಚಿತವಾಗಿ ಗೊತ್ತು ಅನ್ನಲಿಲ್ಲ. ಅದನ್ನೂ ಆಕೆಯಿಂದ ಮುಚ್ಚಿಡಲಿಲ್ಲ.

ಆದರೆ ನನ್ನ ಬಾಯಲ್ಲಿ ಇದಕ್ಕೆ ತೂಕ ಕಡಿಮೆ. ಹಾಗಾಗಿ ಮೂವರೂ ಚರ್ಚಿನ ಫಾದರ್ ಹತ್ತಿರ ಹೋಗಿ, ಅತ್ತೆಯ ಎದುರಿಗೇ ಕೇಳಿ ಅಂದೆ. ಆಕೆಯ ಒಪ್ಪಿಗೆ ಪಡೆದು ಮೊದಲೇ ಅವರಿಗೆ ಫೋನ್ ಮಾಡಿದೆ. 1983ರ ಚರ್ಚ್ ಕಾನೂನಿನ ಪ್ರಕಾರ, ತಂದೆತಾಯಿಗೆ ಜ್ಞಾನಸ್ನಾನ ಕೊಡಿಸುವ ಮನಸ್ಸಿದ್ದಿದ್ದರೆ ಸಾಕು, ಬಿಷಪರ ಒಪ್ಪಿಗೆ ಮೇಲೆ ಆ ಮಗುವಿಗೂ ಚರ್ಚಿನ ಅಂತ್ಯವಿಧಿ ಮಾಡಬಹುದು. ನೀರಿನ ವಿಷಯದಲ್ಲಿ ತನ್ನನ್ನೇ ಶಪಿಸಿಕೊಳ್ಳುತ್ತಿದ್ದವಳು 'ಮನಸ್ಸಿದ್ದಿದ್ದರೆ ಸಾಕು' ಅನ್ನುವುದನ್ನು ಎರಡೆರಡು ಸಲ ಹೇಳಿಸಿದಳು. ಮನಸ್ಸಂತೂ ಇತ್ತು. ಹೆಸರು ಕೂಡ ಆರಿಸಿಟ್ಟಿದ್ದರು. ಆ ಹೆಸರು ಹಿಡಿದೇ ಮಗುವನ್ನು ಕರೆಯಿರಿ ಅಂದೆ.

ಫಾದರ್ ಗೋರಿಯ ಹತ್ತಿರ ಪ್ರಾರ್ಥನೆ ನಡೆಸಿದರು. ಅತ್ತೆಯೂ ಹೋಗಿದ್ದರು.

ವಾರದ ನಂತರ ಗಂಡನ ಫೋನ್: "ಈಗ ಇನ್ನೂ ಜಾಸ್ತಿ ಅಳ್ತಾಳೆ." ಇಷ್ಟು ದಿನ ಭಯದಲ್ಲಿದ್ದಳು, ಈಗ ಮಗುವಿಗಾಗಿ ಅಳುತ್ತಿದ್ದಾಳೆ, ತಡೆಯಬೇಡಿ ಅಂದೆ. ಮನೋವೈದ್ಯರು ಕೊಟ್ಟ ಮಾತ್ರೆ ಮಾತ್ರ ತಪ್ಪಿಸಬೇಡಿ. ನಿಮಗೆ ನಿದ್ದೆ ಬರ್ತಿದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ವಾರ ತಾನೂ ಬರಬಹುದಾ ಅಂದರು.