ಪಿ.ಟಿ. ಬೋಟ್ ಗೇಮ್‌ನಲ್ಲಿ ಡೆಸ್ಟ್ರಾಯರ್ ಎದುರು ನನ್ನ ಬೋಟ್ ಯಾಕೆ ಉಳಿಯೋದಿಲ್ಲ?

ನೀವು ಪೂರ್ತಿ ವೇಗದಲ್ಲಿ ನೇರ ನುಗ್ತೀನಿ ಅಂತ ಬರೆದಿದ್ದೀರಿ. ತೊಂದರೆ ಅಲ್ಲೇ ಇದೆ.

ಎರಡನೇ ಮಹಾಯುದ್ಧದ ಅಮೆರಿಕದ ಪಿ.ಟಿ. ಬೋಟ್ ಅಂದರೆ ಟಾರ್ಪಿಡೋ (ನೀರಲ್ಲಿ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಹೊತ್ತ ಚಿಕ್ಕ ಗಸ್ತು ದೋಣಿ, ಅದು ಮರದ್ದು. ಹೆಚ್ಚಿನವು 80 ಅಡಿ ಉದ್ದ, ಮೂರು ಪೆಟ್ರೋಲ್ ಎಂಜಿನ್, ಸುಮಾರು 40 ನಾಟ್ (ಗಂಟೆಗೆ ಸುಮಾರು 74 ಕಿ.ಮೀ.) ವೇಗ. ಡೆಸ್ಟ್ರಾಯರ್ ಅಂದರೆ ಅದಕ್ಕಿಂತ ಎಷ್ಟೋ ದೊಡ್ಡ ಯುದ್ಧನೌಕೆ, ಅದರ ಒಂದು ಗುಂಡು ಪೆಟ್ರೋಲ್ ಟ್ಯಾಂಕಿಗೆ ಬಿದ್ದರೆ ಕಥೆ ಮುಗೀತು. ಆ ವೇಗ ಇರೋದು ಮುಖ್ಯವಾಗಿ ತಪ್ಪಿಸಿಕೊಳ್ಳೋದಕ್ಕೆ. ಜೋರಾಗಿ ಹೋದರೆ ಹಿಂದೆ ಬಿಳಿ ನೊರೆಯ ಗೆರೆ ಏಳುತ್ತದೆ, ಶತ್ರುವಿಗೆ ಅಷ್ಟು ಸಾಕು.

ಹಾಗಾಗಿ ರಾತ್ರಿ ಮಿಷನ್ ಆರಿಸಿ, ನಿಧಾನವಾಗಿ ಹತ್ತಿರ ಹೋಗಿ. ಹಡಗು ಈಗ ಇರುವ ಕಡೆಗಲ್ಲ, ಅದು ತಲುಪುವ ಜಾಗಕ್ಕೆ ಗುರಿಯಿಡಿ. ಎರಡು ಟಾರ್ಪಿಡೋ ಬಿಡಿ, ಮರೆಯಾಗೋಕೆ ಹೊಗೆ ಹಾಕಿ, ತಿರುಗಿ ಓಡಿ. ಆದರೆ ಸುಮ್ನೆ ಒಂದೇ ಕಡೆ ನಿಲ್ಲಬೇಡಿ, ಗುರಿಯಿಲ್ಲದೆ ತೆವಳುತ್ತಲೂ ಇರಬೇಡಿ. 1943ರ ಆಗಸ್ಟ್ 2ರಂದು ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಎಫ್. ಕೆನಡಿಯ ಪಿ.ಟಿ.-109 ಬೋಟ್ ಒಂದೇ ಎಂಜಿನ್‌ನಲ್ಲಿ ಮೆಲ್ಲಗೆ ಸಾಗುತ್ತಿದ್ದಾಗ ಜಪಾನಿನ ಅಮಾಗಿರಿ ಡೆಸ್ಟ್ರಾಯರ್ ಗುದ್ದಿ ಸೀಳಿಹಾಕಿತು.

ಮುಂಬೈನಲ್ಲಿ ಕೂತು ಈ ಆಟ ಆಡುವ ನನಗೆ 1971ರ ಯುದ್ಧದಲ್ಲಿ ಭಾರತೀಯ ನೌಕಾಪಡೆ ನಡೆಸಿದ ಕರಾಚಿ ದಾಳಿ ನೆನಪಾಗುತ್ತದೆ. ನಮ್ಮ ನಿಪಾತ್, ನಿರ್ಘಾತ್, ವೀರ್ ಕೂಡ ಚಿಕ್ಕ ಕ್ಷಿಪಣಿ ದೋಣಿಗಳೇ, ಡಿಸೆಂಬರ್ 4ರ ದಾಳಿಯೂ ರಾತ್ರಿಯೇ ಅಲ್ವಾ? ಅಲ್ಲಿ ದೂರದಿಂದಲೇ ಹೊಡೆಯಬಹುದಿತ್ತು, ಪಿ.ಟಿ.ಗೆ ಆ ಭಾಗ್ಯ ಇಲ್ಲ.

ಇನ್ನೊಂದು, ಡೆಸ್ಟ್ರಾಯರ್ ಬೆನ್ನು ಬಿಡಿ. ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಲ್ಲಿ ಈ ಬೋಟ್‌ಗಳು ಜಪಾನಿನ ಸರಕು ಸಾಗಿಸುವ ಬಾರ್ಜ್‌ಗಳನ್ನೇ (ಚಪ್ಪಟೆ ತಳದ ದೋಣಿಗಳನ್ನೇ) ಜಾಸ್ತಿ ಬೇಟೆಯಾಡಿದ್ದು. ಅವಕ್ಕೆ ಟಾರ್ಪಿಡೋ ದಂಡ, ಗನ್ ಸಾಕು.