ಓದುಗರ ಪ್ರಶ್ನೆ: ಸಮುರಾಯ್ ಯೊಶಿನಾಕಾನ ಸಮಾಧಿಗೆ ಹೋಗುವುದು ಹೇಗೆ?

ಪ್ರಶ್ನೆ: ಉದ್ಯೋಗದ ನಿಮಿತ್ತ ಒಂದು ವರ್ಷದಿಂದ ಒಸಾಕಾದಲ್ಲಿದ್ದೇನೆ. ಸಮುರಾಯ್ ಕಿಸೊ ಯೊಶಿನಾಕಾನ ಸಮಾಧಿಯೂ ಕವಿ ಬಾಶೋ ಅವರ ಸಮಾಧಿಯೂ ಒತ್ಸು ನಗರದ ಒಂದೇ ದೇವಾಲಯದಲ್ಲಿವೆ ಎಂದು ತಿಳಿಯಿತು. ಇಬ್ಬರಿಗೂ ಏನು ಸಂಬಂಧ? ಅಲ್ಲಿಗೆ ಹೋಗುವುದು ಹೇಗೆ, ಸಮಾಧಿಯ ಮುಂದೆ ಹೇಗೆ ನಡೆದುಕೊಳ್ಳಬೇಕು?
— ಓದುಗರೊಬ್ಬರು, ಒಸಾಕಾ

ಉತ್ತರ: ನೀವು ಕೇಳಿರುವ ದೇವಾಲಯ ಗಿಚೂಜಿ. ಯೊಶಿನಾಕಾ ಎಂಬ ಹೆಸರನ್ನು ಬರೆಯುವ ಎರಡು ಅಕ್ಷರಗಳನ್ನೇ ಚೀನೀ ಉಚ್ಚಾರಣೆಯ ರೀತಿಯಲ್ಲಿ ಓದಿದರೆ ‘ಗಿಚೂ’ ಎಂದಾಗುತ್ತದೆ; ‘ಜಿ’ ಎಂದರೆ ಬೌದ್ಧ ದೇವಾಲಯ.

1183ರಲ್ಲಿ ತಾಯಿರಾ ವಂಶದವರನ್ನು ಕ್ಯೋಟೊದಿಂದ ಓಡಿಸಿದ ಯೊಶಿನಾಕಾ, ಮರುವರ್ಷವೇ ತನ್ನ ದಾಯಾದಿ ಯೊರಿತೊಮೊ ಕಳುಹಿಸಿದ ಸೈನ್ಯಕ್ಕೆ ಸೋತು, ಬಿವಾ ಸರೋವರದ ದಂಡೆಯ ಅವಾಜುವಿನಲ್ಲಿ ಮಡಿದನು. ತಾಯಿರಾ ವಂಶದ ಏಳುಬೀಳನ್ನು ಹೇಳುವ ಹೈಕೆ ವೀರಕಥೆಯ ಪ್ರಕಾರ, ತೆಳುವಾದ ಮಂಜುಗಡ್ಡೆ ಕಟ್ಟಿದ್ದ ಗದ್ದೆಯ ಕೆಸರಿನಲ್ಲಿ ಅವನ ಕುದುರೆ ಹೂತುಹೋಯಿತು. ತನಗಾಗಿ ಹಿಂದೆ ನಿಂತು ಕಾದುತ್ತಿದ್ದ ಸಾಕುತಾಯಿಯ ಮಗ ಇಮಾಯಿ ಕಾನೆಹಿರಾ ಏನಾದನೋ ಎಂದು ತಿರುಗಿ ನೋಡಿದ ಗಳಿಗೆಯಲ್ಲಿ ಬಾಣ ಮುಖಕ್ಕೆ ನಾಟಿತು.

ಬಾಶೋ ಬದುಕಿದ್ದುದು ಇದಾಗಿ ಐದು ಶತಮಾನಗಳ ನಂತರ. ಗೆದ್ದವರಿಗಿಂತ ಸೋತವರ ಕಡೆಗೇ ಅವರ ಮನಸ್ಸು ವಾಲುತ್ತಿತ್ತೆಂದು ನನ್ನ ಎಣಿಕೆ. ಈ ಆವರಣದ ಗುಡಿಸಿಲಿನಲ್ಲಿ ಅವರು ಹಲವು ಸಲ ತಂಗಿದ್ದರು. 1694ರಲ್ಲಿ ಒಸಾಕಾದಲ್ಲಿ ತೀರಿಕೊಂಡಾಗ, ಯೊಶಿನಾಕಾನ ಪಕ್ಕದಲ್ಲೇ ಮಣ್ಣು ಮಾಡಬೇಕೆಂಬ ಅವರ ಇಚ್ಛೆಯಂತೆ ಶಿಷ್ಯರು ದೇಹವನ್ನು ಯೊದೊ ನದಿಯಲ್ಲಿ ದೋಣಿಯ ಮೂಲಕ ಮೇಲಕ್ಕೆ ಸಾಗಿಸಿ ಇಲ್ಲಿಗೆ ತಂದರು.

ಮಣ್ಣಿನ ಜಗಲಿಯ ಮೇಲಿರುವ ಯೊಶಿನಾಕಾನ ಸಮಾಧಿ ‘ಹೋಕ್ಯೋಇಂತೋ’ ಎಂಬ ಬಗೆಯ ಕಲ್ಲಿನ ಸ್ತೂಪ. ಈ ಹೆಸರಿನ ಮೂಲ ‘ಕರಂಡಮುದ್ರಾ’ ಧಾರಣಿ ಎಂಬ ಬೌದ್ಧ ಮಂತ್ರ. ನಮ್ಮ ಕುಂಕುಮದ ಕರಡಿಗೆಯಲ್ಲಿರುವ ‘ಕರಂಡ’ವೇ ಅಲ್ಲಿಯೂ ಇದೆ ಎಂದು ತಿಳಿದರೆ ಆ ಕಲ್ಲು ಅಷ್ಟೇನೂ ಪರಕೀಯವೆನಿಸದು. ಬಾಶೋ ಅವರ ಸಮಾಧಿಯಾದರೋ ಉಳಿಯಿಂದ ರೂಪಿಸದ ಸಹಜ ಶಿಲೆ. ಅದರ ಮೇಲೆ ‘ಬಾಶೋ ಹಿರಿಯರು’ ಎಂಬರ್ಥದ ಮೂರೇ ಅಕ್ಷರಗಳಿವೆ. ಬಾಶೋ ಎಂದರೆ ಬಾಳೆ. ಆವರಣದಲ್ಲಿ ಬಾಳೆಯ ಗಿಡವನ್ನೂ ಬೆಳೆಸಿದ್ದಾರೆ. ಯೊಶಿನಾಕಾನ ಜೊತೆ ಯುದ್ಧಕ್ಕಿಳಿದ ವೀರವನಿತೆ ತೊಮೊಎಯ ನೆನಪಿನ ಪುಟ್ಟ ಕಲ್ಲೂ ಪಕ್ಕದಲ್ಲೇ ಇದೆ. ಅದನ್ನು ನೋಡದೆ ಬರಬೇಡಿ.

ಒಸಾಕಾದಿಂದ ಹೊರಡುವ ಅತಿವೇಗದ ‘ಶಿನ್‌ಕೈಸೊಕು’ ರೈಲು ದೇವಾಲಯಕ್ಕೆ ಹೋಗಲು ಇಳಿಯಬೇಕಾದ ಜೆಜೆ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಕ್ಯೋಟೊದಲ್ಲಿ ಇಳಿದು, ಎಲ್ಲ ಕಡೆಯೂ ನಿಲ್ಲುವ ರೈಲನ್ನು ಹತ್ತಬೇಕು. ಜೆಜೆಯಿಂದ ದೇವಾಲಯಕ್ಕೆ ಹತ್ತು ನಿಮಿಷಗಳ ನಡಿಗೆ. ಹಿಂದೆ ಸರೋವರದ ನೀರು ದೇವಾಲಯದ ಸಮೀಪಕ್ಕೇ ಬರುತ್ತಿತ್ತು. ಈಗ ದಂಡೆಯನ್ನು ತುಂಬಿಸಿರುವುದರಿಂದ ಸುತ್ತಲೂ ಮನೆಗಳೇ ಕಾಣುತ್ತವೆ.

ಶಿಂತೋ ಗುಡಿಗಳಲ್ಲಿ ಮಾಡುವಂತೆ ಇಲ್ಲಿ ಚಪ್ಪಾಳೆ ತಟ್ಟಬಾರದು. ಸದ್ದಿಲ್ಲದೆ ಕೈಮುಗಿದು ತಲೆಬಾಗಿಸಿದರೆ ಸಾಕು; ಅದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಮಾಧಿಯ ಜಗಲಿಯನ್ನು ಹತ್ತಬೇಡಿ.

ಸಮಯವಿದ್ದರೆ ಅದೇ ರೈಲಿನಲ್ಲಿ ಮುಂದಿನ ನಿಲ್ದಾಣವಾದ ಇಶಿಯಾಮಾಕ್ಕೆ ಹೋಗಿ. ಯೊಶಿನಾಕಾ ಕಡೆಯ ಗಳಿಗೆಯಲ್ಲಿ ತಿರುಗಿ ನೋಡಿದ್ದು ಯಾರಿಗಾಗಿಯೋ, ಆ ಕಾನೆಹಿರಾನ ಸಮಾಧಿ ನಿಲ್ದಾಣದ ಸಮೀಪದಲ್ಲೇ ಇದೆ.