ಕ್ರೈಸ್ತರ "ಹೊಸದಾಗಿ ಹುಟ್ಟೋದು" ಅಂದ್ರೆ ಪುನರ್ಜನ್ಮಾನಾ?

ಅಲ್ಲ, ಎರಡೂ ಬೇರೆ. ಈ ಮಾತು ಬರೋದು ಬೈಬಲ್‌ನ ಯೋಹಾನನ ಸುವಾರ್ತೆ 3ನೇ ಅಧ್ಯಾಯದಲ್ಲಿ, ನಿಕೊದೇಮ ಅನ್ನೋ ಫರಿಸಾಯ (ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸೋ ಯೆಹೂದಿ ಪಂಗಡದವನು) ರಾತ್ರಿ ಹೊತ್ತು ಯೇಸು ಹತ್ರ ಬರ್ತಾನೆ, ಹೊಸದಾಗಿ ಹುಟ್ಟದೆ ದೇವರ ರಾಜ್ಯ ಕಾಣೋಕಾಗಲ್ಲ ಅಂತ ಯೇಸು ಅಂದಾಗ ಪಾಪ ಅವನಿಗೂ ಕನ್ಫ್ಯೂಸ್, ಮುದುಕ ಆದ್ಮೇಲೆ ಮತ್ತೆ ತಾಯಿ ಹೊಟ್ಟೆಗೆ ಹೋಗೋಕಾಗುತ್ತಾ ಅಂತ ಕೇಳ್ತಾನೆ. ಅಲ್ಲಿರೋ ಗ್ರೀಕ್ ಪದ 'ಅನೋಥೆನ್', ಅದಕ್ಕೆ 'ಮತ್ತೆ' ಅಂತಾನೂ 'ಮೇಲಿಂದ' ಅಂತಾನೂ ಅರ್ಥ ಇದೆ, ಈ ಎರಡನೇ ಅರ್ಥ ಗೊತ್ತಾದ್ಮೇಲೇನೇ ನನಗೆ ವಿಷಯ ತಲೆಗೆ ಹತ್ತಿದ್ದು. ಅಂದ್ರೆ ಸತ್ತು ಇನ್ನೊಂದು ದೇಹ ತಗೊಳ್ಳೋದಲ್ಲ, ಬದುಕಿರುವಾಗ್ಲೇ ಪವಿತ್ರಾತ್ಮ, ಅಂದ್ರೆ ದೇವರ ಆತ್ಮ, ಒಳಗಿನ ಮನುಷ್ಯನ್ನ ಹೊಸಬನಾಗಿ ಮಾಡೋದು, ನಾವು ದುಡಿದು ಗಳಿಸೋದಲ್ಲ, ಕೃಪೆಯಿಂದ ಸಿಗೋದು. ಕ್ಯಾಥೊಲಿಕರು ಇದನ್ನ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಜೊತೆ ಸೇರಿಸಿ ನೋಡ್ತಾರೆ, ಎಷ್ಟೋ ಪ್ರೊಟೆಸ್ಟೆಂಟರು ಒಬ್ಬೊಬ್ಬರೂ ತಾವಾಗೇ ಇಡೋ ನಂಬಿಕೆಗೆ ಒತ್ತು ಕೊಡ್ತಾರೆ.

ಈ ಹೊಸ ಹುಟ್ಟಿನ ಜೊತೆ ಬರೋ ಇನ್ನೊಂದು ಮಾತು 'ನಿತ್ಯಜೀವ', ಅದೂ ಬರೀ ಸತ್ತಮೇಲೆ ಸ್ವರ್ಗದಲ್ಲಿ ಕೊನೆಯಿಲ್ದೆ ಇರೋದಷ್ಟೇ ಅಲ್ಲ. ಯೋಹಾನ 17:3ರಲ್ಲಿ ಒಬ್ಬನೇ ಸತ್ಯದೇವರನ್ನೂ ಆತ ಕಳಿಸಿದ ಯೇಸು ಕ್ರಿಸ್ತನನ್ನೂ ತಿಳಿಯೋದೇ ನಿತ್ಯಜೀವ ಅಂತಿದೆ, ಹಾಗಾಗಿ ಅದು ಇಲ್ಲೇ ಶುರುವಾಗಿ ಪುನರುತ್ಥಾನದಲ್ಲಿ, ಅಂದ್ರೆ ಸತ್ತವರು ಮತ್ತೆ ಎದ್ದು ಬರುವಾಗ, ದೇಹದ ಸಮೇತ, ಪೂರ್ತಿಯಾಗುತ್ತೆ.